ಬ್ರಿಟನ್ನಿನ ಕಾರ್ಮಿಕ ಸಂಘಗಳ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಮಿಕ ಚರಿತ್ರೆಯ ಬಗ್ಗೆ ಮಾತನಾಡಿದ ಕಡೆಗಳಲ್ಲಿ ಎದುರಾದ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಕೆಲಸದ ಸ್ವರೂಪ ತಿಳಿಯದೆ ಆ ಕೆಲಸದವರ ಸಂಘ ಅರ್ಥವಾಗದು ಎಂಬುದು ನನ್ನ ನಂಬಿಕೆ. ಆದ್ದರಿಂದ ಉತ್ತರಗಳಲ್ಲಿ ನಾಯಕರಿಗಿಂತ ಗಣಿ, ಮಗ್ಗ, ಹಡಗುಕಟ್ಟೆಗಳ ವಿವರವೇ ಹೆಚ್ಚಾಗಿ ಬಂದಿದೆ.

ಆರಂಭದ ಪ್ರಶ್ನೆಗಳು

ಹಳೆಯ ಕಾಲದ ಕಸುಬುದಾರರ ಕೂಟಗಳಾದ ಗಿಲ್ಡ್‌ಗಳೇ ಮುಂದೆ ಟ್ರೇಡ್ ಯೂನಿಯನ್‌ಗಳಾದವು ಎಂದು ಓದಿದ್ದೇನೆ. ಹೌದೇ?

ಅವೆರಡರ ನಡುವೆ ನೇರವಾದ ವಂಶಾವಳಿ ಇಲ್ಲ. ಗಿಲ್ಡ್‌ನಲ್ಲಿ ಯಜಮಾನ, ಅವನ ಕೈಕೆಳಗಿನ ಕೆಲಸಗಾರ, ಕೆಲಸ ಕಲಿಯಲು ಬಂದ ಹುಡುಗ ಮೂವರೂ ಒಂದೇ ಸೂರಿನಡಿ ಇದ್ದರು. ಇಂದಿನ ಕೆಲಸಗಾರ ನಾಳೆ ತಾನೇ ಯಜಮಾನನಾಗುವ ನಿರೀಕ್ಷೆಯೇ ಆ ವ್ಯವಸ್ಥೆಯನ್ನು ಹಿಡಿದಿಟ್ಟಿತ್ತು. 18ನೆಯ ಶತಮಾನದಲ್ಲಿ ಉದ್ಯಮ ನಡೆಸಲು ಬೇಕಾದ ಬಂಡವಾಳ ಹೆಚ್ಚುತ್ತ ಹೋದಂತೆ ಉಣ್ಣೆ ಬಾಚುವವರು, ದರ್ಜಿಗಳು, ಟೋಪಿ ಮಾಡುವವರು, ಅಚ್ಚುಮೊಳೆ ಜೋಡಿಸುವವರಲ್ಲಿ ಹೆಚ್ಚಿನವರು ಜೀವಮಾನವಿಡೀ ಕೂಲಿಯವರಾಗಿಯೇ ಉಳಿಯಬೇಕಾಯಿತು. ಯಜಮಾನನಾಗುವ ದಾರಿ ಮುಚ್ಚಿದ ಮೇಲೆ ಅವರು ತಮ್ಮವರನ್ನಷ್ಟೇ ಸೇರಿಸಿಕೊಂಡು, ಪಬ್ಬಿನ ಮಹಡಿಯ ಕೋಣೆಯಲ್ಲಿ ಪೆಟ್ಟಿಗೆಯೊಂದನ್ನಿಟ್ಟು ವಾರವಾರ ವಂತಿಗೆ ಹಾಕತೊಡಗಿದರು. ಕಾಯಿಲೆ ಬಿದ್ದವರಿಗೆ, ಸತ್ತವರ ಮಣ್ಣಿಗೆ, ಕೆಲಸ ಹುಡುಕುತ್ತ ಊರೂರು ನಡೆಯುವವರ ರಾತ್ರಿಯೂಟಕ್ಕೆ ಆ ಹಣ ಹೋಗುತ್ತಿತ್ತು. ಕೂಲಿ ಇಳಿಸಿದಾಗ ಮುಷ್ಕರ ಹೂಡಿದವರ ಹೊಟ್ಟೆಗೂ ಅದೇ ಪೆಟ್ಟಿಗೆ ಆಧಾರವಾಯಿತು.

ಸಂಘ ಕಟ್ಟುವುದೇ ಒಂದು ಕಾಲಕ್ಕೆ ಅಪರಾಧವಾಗಿತ್ತು ಎನ್ನುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ?

ಫ್ರಾನ್ಸಿನ ಕ್ರಾಂತಿಯ ಭಯದಲ್ಲಿದ್ದ ಸಂಸತ್ತು 1799 ಮತ್ತು 1800ರಲ್ಲಿ ತಂದ ಕಾಯ್ದೆಗಳು ಕೂಲಿ ಹೆಚ್ಚಿಸಿಕೊಳ್ಳಲು ಒಟ್ಟುಗೂಡುವುದನ್ನೇ ನಿಷೇಧಿಸಿದವು. ಫ್ರಾನ್ಸಿಸ್ ಪ್ಲೇಸ್ ಎಂಬ ಲಂಡನ್ನಿನ ದರ್ಜಿ ಮತ್ತು ಸಂಸದ ಜೋಸೆಫ್ ಹ್ಯೂಮ್ ಅವರ ಪ್ರಯತ್ನದಿಂದ 1824ರಲ್ಲಿ ಅವು ರದ್ದಾದವು. ತಕ್ಷಣವೇ ಮುಷ್ಕರಗಳು ಹೆಚ್ಚಿದ್ದರಿಂದ 1825ರಲ್ಲಿ ಮತ್ತೊಂದು ಕಾಯ್ದೆ ಬಂದು, ಸಂಘ ಇರಬಹುದು, ಆದರೆ ಅದು ಮಾಡಬಹುದಾದದ್ದು ಬಹಳ ಕಡಿಮೆ ಎಂಬ ಸ್ಥಿತಿ ಉಂಟಾಯಿತು. ಸಂಘಗಳಿಗೆ ಪೂರ್ಣ ಕಾನೂನುಬದ್ಧ ಸ್ಥಾನ ದೊರೆತದ್ದು 1871ರ ಕಾಯ್ದೆಯಿಂದ. ಕೆಲಸದ ಜಾಗದ ಬಾಗಿಲಲ್ಲಿ ನಿಂತು ಇತರರನ್ನೂ ಕೆಲಸಕ್ಕೆ ಹೋಗದಂತೆ ಒಲಿಸುವ ಶಾಂತಿಯುತ ಪಿಕೆಟಿಂಗ್‌ಗೆ ಅವಕಾಶವಾಗಿ, ಮುಷ್ಕರದ ಮೇಲಿನ ಪಿತೂರಿಯ ಆರೋಪ ತಪ್ಪಿದ್ದು 1875ರಲ್ಲಿ.

ಟಾಲ್‌ಪಡಲ್ ಹುತಾತ್ಮರು ಎಂದರೆ ಯಾರು? ಅವರನ್ನು ಗಲ್ಲಿಗೇರಿಸಿದರೇ?

ಇಲ್ಲ. ‘ಹುತಾತ್ಮ’ ಎಂದೊಡನೆ ಕನ್ನಡಿಗರ ಮನಸ್ಸಿಗೆ ಪ್ರಾಣತ್ಯಾಗವೇ ಬರುವುದರಿಂದ ಈ ತಪ್ಪು ಕಲ್ಪನೆ ಬೇರೂರಿದೆ. ಇವರು ಡಾರ್ಸೆಟ್ ಸೀಮೆಯ ಟಾಲ್‌ಪಡಲ್ ಎಂಬ ಹಳ್ಳಿಯ ಆರು ಮಂದಿ ಕೃಷಿ ಕೂಲಿಗಳು. ಜಾರ್ಜ್ ಲವ್‌ಲೆಸ್ ಎಂಬ ಮೆಥಡಿಸ್ಟ್ ಬೋಧಕ ಇವರ ಮುಂದಾಳು. ವಾರದ ಕೂಲಿ 9 ಶಿಲಿಂಗಿನಿಂದ 8ಕ್ಕೆ, ಮತ್ತೆ 7ಕ್ಕೆ ಇಳಿದು, ಇನ್ನು 6 ಎಂದಾಗ ಅವರು ಸಂಘ ಕಟ್ಟಿದರು. ಸಂಘ ಕಟ್ಟುವುದು ಆ ಹೊತ್ತಿಗೆ ಅಪರಾಧವಾಗಿರದಿದ್ದ ಕಾರಣ, ನೌಕಾದಳದ ದಂಗೆಯ ಕಾಲದಲ್ಲಿ ಮಾಡಿದ್ದ 1797ರ ಗುಪ್ತ ಪ್ರಮಾಣ ನಿಷೇಧ ಕಾಯ್ದೆಯನ್ನು ಹುಡುಕಿ ತೆಗೆದು 1834ರ ಮಾರ್ಚಿನಲ್ಲಿ ಅವರಿಗೆ 7 ವರ್ಷಗಳ ಗಡಿಪಾರು ವಿಧಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ಲಂಡನ್ನಿನಲ್ಲಿ ಭಾರೀ ಮೆರವಣಿಗೆ ನಡೆದು, ಸಹಿ ಸಂಗ್ರಹವಾಗಿ, 1836ರಲ್ಲಿ ಕ್ಷಮಾದಾನ ಬಂತು. ಮರಳಿದವರಲ್ಲಿ ಐವರು ಕೊನೆಗೆ ಕೆನಡಾಕ್ಕೆ ವಲಸೆ ಹೋದರು. ಊರಿನಲ್ಲೇ ಉಳಿದ ಜೇಮ್ಸ್ ಹ್ಯಾಮೆಟ್ 1891ರಲ್ಲಿ ಡಾರ್ಚೆಸ್ಟರಿನ ಬಡವರ ದುಡಿಮೆಮನೆಯಲ್ಲಿ ಕಣ್ಣುಮುಚ್ಚಿದ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಸಂಗತಿಯೇ.

ಟಿಯುಸಿ ಎಂದರೆ ಒಂದು ದೊಡ್ಡ ಯೂನಿಯನ್ನೇ?

ಅಲ್ಲ, ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ ಎಂಬ ಸಂಘಗಳ ಒಕ್ಕೂಟ. 1868ರಲ್ಲಿ ಮ್ಯಾಂಚೆಸ್ಟರಿನಲ್ಲಿ 34 ಪ್ರತಿನಿಧಿಗಳು ಸೇರಿ ಇದನ್ನು ಆರಂಭಿಸಿದರು. ಮುಷ್ಕರ ಹೂಡುವ ಅಧಿಕಾರ ಆಯಾ ಸಂಘದ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಪಕ್ಷಕ್ಕೊಂದು ಕೇಂದ್ರ ಸಂಘಟನೆ ಇರುವಂತೆ ಅಲ್ಲಿ ಇಲ್ಲ. ರಾಜಕೀಯ ಭಿನ್ನಾಭಿಪ್ರಾಯವುಳ್ಳವರೆಲ್ಲ ಒಂದೇ ಟಿಯುಸಿಯೊಳಗೆ ಜಗಳವಾಡಿಕೊಂಡು ಉಳಿದಿದ್ದಾರೆ.

ಉದ್ಯಮದಿಂದ ಉದ್ಯಮಕ್ಕೆ

ಎಂಜಿನಿಯರಿಂಗ್ ಕೆಲಸಗಾರರ ಸಂಘ ಅಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ?

ಇಲ್ಲಿ ಎಂಜಿನಿಯರ್ ಎಂದರೆ ಪದವೀಧರನಲ್ಲ. ಲೇತ್ ಮೇಲೆ ಕೆಲಸ ಮಾಡುವ ಟರ್ನರ್, ಫಿಟ್ಟರ್ ಇಂಥವರು. 1851ರಲ್ಲಿ ಹಲವು ಸಣ್ಣ ಸಂಘಗಳು ಕೂಡಿ ಒಂದಾದಾಗ ಅದರ ವಾರದ ಚಂದಾ 1 ಶಿಲಿಂಗ್ ಆಗಿತ್ತು. ಸಾಮಾನ್ಯ ಕೂಲಿಗೆ ಅದು ಕೈಗೆಟುಕದ ಮೊತ್ತ. ಆ ಹಣದಿಂದ ನಿರುದ್ಯೋಗ ಭತ್ಯೆ, ಕಾಯಿಲೆ ಭತ್ಯೆ, ವೃದ್ಧಾಪ್ಯದ ನೆರವು ಎಲ್ಲವೂ ಸಿಗುತ್ತಿದ್ದುದರಿಂದ ಸದಸ್ಯ ಸಂಘವನ್ನು ಬಿಟ್ಟು ಹೋಗುತ್ತಿರಲಿಲ್ಲ. ಕೆಲಸ ಕಲಿಯುವ ವರ್ಷಗಳನ್ನು ಪೂರೈಸದವರಿಗೆ ಯಂತ್ರದ ಬಳಿ ಜಾಗವಿಲ್ಲ ಎಂಬ ನಿಯಮ ಅವರ ನಿಜವಾದ ಬಲ. 1852ರಲ್ಲಿ ಮಾಲೀಕರೇ ಕಾರ್ಖಾನೆಯ ಬಾಗಿಲು ಮುಚ್ಚಿ ಹೂಡಿದ ಲಾಕೌಟಿನಲ್ಲಿ ಸೋತರೂ ಸಂಘ ಒಡೆಯದೆ ಉಳಿಯಿತು. ಇದೇ ನಿಯಮ ಗೋಡೆಯೂ ಆಯಿತು ಎಂಬುದನ್ನು ಮರೆಯಬಾರದು: ಈ ಪರಂಪರೆಯ ಸಂಘ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ.

ಗಣಿ ಕಾರ್ಮಿಕರ ಹೆಸರೇ ಯಾಕೆ ಎಲ್ಲೆಡೆ ಮೊದಲು ಕೇಳಿಬರುತ್ತದೆ?

ಮೂರು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ಮೊದಲನೆಯದು ತೂಕ. ಕಲ್ಲಿದ್ದಲು ಕಡಿಯುವವನ ಕೂಲಿ ಅವನು ತುಂಬಿಸಿದ ತೊಟ್ಟಿಯ ತೂಕದ ಮೇಲೆ ನಿಂತಿತ್ತು. ತೂಗುವವನು ಮಾಲೀಕನ ಆಳು, ಕಡಿದವನು ನೂರಾರು ಅಡಿ ಕೆಳಗೆ ಕತ್ತಲಲ್ಲಿ. ತಮ್ಮ ಕಡೆಯಿಂದ ಒಬ್ಬ ತೂಕ ಪರಿಶೀಲಕನನ್ನು ತಾವೇ ನೇಮಿಸಿಕೊಳ್ಳುವ ಹಕ್ಕನ್ನು ಗಣಿಯವರು 1860ರ ಕಾಯ್ದೆಯಲ್ಲಿ ಪಡೆದರು. ಅವನ ಸಂಬಳವನ್ನು ಅವರೇ ಕೂಡಿ ಕೊಡಬೇಕು, ಆದ್ದರಿಂದ ಅವನು ಮಾಲೀಕನಿಗೆ ಹೆದರಬೇಕಿರಲಿಲ್ಲ. ಲೆಕ್ಕ ಬಲ್ಲ, ಧೈರ್ಯವುಳ್ಳ ಇಂಥ ತೂಕ ಪರಿಶೀಲಕರೇ ಹಲವೆಡೆ ಸಂಘದ ಕಾರ್ಯದರ್ಶಿಗಳಾದರು, ಕೆಲವರು ಸಂಸದರೂ ಆದರು.

ಎರಡನೆಯದು ಸಾವು. 1862ರ ಜನವರಿಯಲ್ಲಿ ನಾರ್ಥಂಬರ್‌ಲೆಂಡಿನ ಹಾರ್ಟ್ಲಿ ಗಣಿಯಲ್ಲಿ ನೀರೆತ್ತುವ ಯಂತ್ರದ ಕಬ್ಬಿಣದ ತೊಲೆ ಮುರಿದು, ಗಣಿಗಿದ್ದ ಒಂದೇ ಬಾವಿಯೊಳಗೆ ಬಿದ್ದು, ಹೊರಬರುವ ದಾರಿ ಮುಚ್ಚಿತು. ಸತ್ತವರು 204 ಗಂಡಸರು ಮತ್ತು ಹುಡುಗರು. ಪ್ರತಿ ಗಣಿಗೂ ಎರಡು ದಾರಿಗಳಿರಬೇಕು ಎಂಬ ಕಾನೂನು ಅದೇ ವರ್ಷ ಬಂತು. 1913ರಲ್ಲಿ ವೇಲ್ಸಿನ ಸೆಂಗೆನಿಡ್ ಗಣಿಯ ಸ್ಫೋಟದಲ್ಲಿ 439 ಗಣಿ ಕಾರ್ಮಿಕರು ಹೋದರು. ಇಂಥ ಅಪಾಯವನ್ನು ಹಂಚಿಕೊಂಡವರ ನಡುವೆ ಹುಟ್ಟುವ ನಂಬಿಕೆಯನ್ನು ಯಾವ ಭಾಷಣವೂ ಹುಟ್ಟಿಸಲಾರದು.

ಮೂರನೆಯದು ಊರು. ಗಣಿಯ ಸುತ್ತಲಿನ ಹಳ್ಳಿಯಲ್ಲಿ ಮನೆ ಕಂಪನಿಯದು, ಅಂಗಡಿಯಲ್ಲಿ ಸಾಲ, ನೆರೆಯವರೆಲ್ಲ ಒಂದೇ ಕೆಲಸದವರು. ಮುಷ್ಕರ ಬಂದರೆ ಇಡೀ ಊರಿಗೇ ಬರುತ್ತಿತ್ತು. ಮುರಿದು ಕೆಲಸಕ್ಕೆ ಹೋದವನಿಗೆ ಬೀದಿಯಲ್ಲಿ ಮಾತನಾಡಿಸುವವರೇ ಇಲ್ಲ. ಬೇರೆ ಬೇರೆ ಸೀಮೆಗಳ ಇಂಥ ಸಂಘಗಳು 1889ರ ಹೊತ್ತಿಗೆ ಬ್ರಿಟನ್ನಿನ ಗಣಿ ಕಾರ್ಮಿಕರ ಒಕ್ಕೂಟವಾಗಿ ಒಗ್ಗೂಡಿದವು. 1908ರಲ್ಲಿ ದಿನಕ್ಕೆ 8 ಗಂಟೆಯ ಕಾನೂನು, 1912ರ ರಾಷ್ಟ್ರವ್ಯಾಪಿ ಮುಷ್ಕರದ ಬಳಿಕ ಕನಿಷ್ಠ ಕೂಲಿಯ ಕಾನೂನು ಬಂದವು. 1920ರ ಸುಮಾರಿಗೆ ಆ ದೇಶದ ಗಣಿಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು ಎಂಬುದನ್ನು ನೆನೆದರೆ, ಅವರ ಮಾತಿಗಿದ್ದ ತೂಕ ತಿಳಿಯುತ್ತದೆ.

ಕೋಲಾರದ ಚಿನ್ನದ ಗಣಿಗೆ ಬಂದ ಇಂಗ್ಲಿಷ್ ಗಣಿಗಾರರು ತಮ್ಮ ಯೂನಿಯನ್ ಪರಂಪರೆಯನ್ನೂ ತಂದರೇ?

ತರಲಿಲ್ಲ ಎಂದೇ ಹೇಳಬೇಕು. ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿದ್ದ ಕೆಜಿಎಫ್‌ಗೆ ಬಂದ ಬ್ರಿಟಿಷ್ ಗಣಿಗಾರರಲ್ಲಿ ಅನೇಕರು ತವರ, ತಾಮ್ರದ ಗಣಿಗಳ ಸೀಮೆಯಾದ ಕಾರ್ನ್‌ವಾಲಿನವರು. ಅಲ್ಲಿ ಗಣಿಗಾರರ ಸಣ್ಣ ತಂಡಗಳು ಬಂಡೆಯ ಒಂದು ಭಾಗವನ್ನು ಹರಾಜಿನಲ್ಲಿ ಹಿಡಿದು, ಸಿಕ್ಕ ಅದಿರಿನ ಬೆಲೆಯಲ್ಲಿ ಪಾಲು ಪಡೆಯುವ ಪದ್ಧತಿ ಇತ್ತು. ಪಕ್ಕದ ತಂಡ ಜೊತೆಗಾರನಲ್ಲ, ಹರಾಜಿನ ಎದುರಾಳಿ. ಆದ್ದರಿಂದ ಕಲ್ಲಿದ್ದಲ ಸೀಮೆಗಳಲ್ಲಿ ಬೆಳೆದಂಥ ಸಂಘ ಕಾರ್ನ್‌ವಾಲಿನಲ್ಲಿ ಬೇರು ಬಿಡಲೇ ಇಲ್ಲ. ಕೋಲಾರದಲ್ಲಿ ಅವರು ಮೇಲ್ವಿಚಾರಣೆಯ ಜಾಗದಲ್ಲಿ ಬೇರೆಯಾಗಿಯೇ ಬದುಕಿದರು. ಕೆಜಿಎಫ್‌ನ ಹೋರಾಟದ ಚರಿತ್ರೆ ಅಲ್ಲಿನ ತಮಿಳು, ತೆಲುಗು, ಕನ್ನಡ ಮಾತಿನ ಕಾರ್ಮಿಕರೇ ಕಟ್ಟಿಕೊಂಡದ್ದು.

ಬಟ್ಟೆ ಗಿರಣಿಗಳಲ್ಲಿ ಹೆಂಗಸರೇ ಹೆಚ್ಚಿದ್ದರಲ್ಲ, ಸಂಘದಲ್ಲಿ ಅವರಿಗೆ ಜಾಗವಿತ್ತೇ?

ಲ್ಯಾಂಕಶೈರಿನ ಒಂದೇ ಗಿರಣಿಯಲ್ಲಿ ಎರಡು ಉತ್ತರಗಳಿದ್ದವು. ಮ್ಯೂಲ್ ಯಂತ್ರದಲ್ಲಿ ನೂಲು ತೆಗೆಯುವವರು ಗಂಡಸರು; ತಮ್ಮ ಕೆಲಸಕ್ಕೆ ಹೆಂಗಸರನ್ನು ಬಿಟ್ಟುಕೊಳ್ಳದೆ ಸಣ್ಣ, ಶ್ರೀಮಂತ ಸಂಘವನ್ನು ಕಾಪಾಡಿಕೊಂಡರು. ನೇಯ್ಗೆಯ ವಿಭಾಗದಲ್ಲಿ ಮಾತ್ರ ಸದಸ್ಯರಲ್ಲಿ ಹೆಂಗಸರೇ ಹೆಚ್ಚು. ಗಂಡು, ಹೆಣ್ಣು ಎನ್ನದೆ ಒಂದೇ ದರಪಟ್ಟಿಯ ಪ್ರಕಾರ ನೇಯ್ದ ಬಟ್ಟೆಗೆ ಕೂಲಿ ಸಿಗುತ್ತಿದ್ದುದು ಆ ಕಾಲಕ್ಕೆ ಅಪರೂಪದ ಸಂಗತಿ. 1853ರ ಬ್ಲ್ಯಾಕ್‌ಬರ್ನ್ ದರಪಟ್ಟಿ ಇವುಗಳಲ್ಲಿ ಪ್ರಸಿದ್ಧ. ಬಟ್ಟೆಯ ಅಗಲ, ಎಳೆಗಳ ಸಂಖ್ಯೆ, ನೂಲಿನ ನಂಬರು ಎಲ್ಲವನ್ನೂ ಲೆಕ್ಕಹಾಕಿ ದರ ತೆಗೆಯಬೇಕಿದ್ದುದರಿಂದ, ಸಂಘದ ಕಾರ್ಯದರ್ಶಿ ಹುದ್ದೆಗೆ ಬಯಸುವವರಿಗೆ ಲೆಕ್ಕದ ಲಿಖಿತ ಪರೀಕ್ಷೆಯನ್ನೇ ಇಡುತ್ತಿದ್ದರು. ಆದರೆ ಆ ಕುರ್ಚಿಯಲ್ಲಿ ಕುಳಿತವರು ಬಹುಮಟ್ಟಿಗೆ ಗಂಡಸರೇ.

ಆನಿ ಬೆಸೆಂಟ್ ಬೆಂಕಿಕಡ್ಡಿ ಕಾರ್ಖಾನೆಯ ಮುಷ್ಕರ ನಡೆಸಿದರಂತೆ. ನಮ್ಮ ಹೋಂ ರೂಲ್ ಬೆಸೆಂಟರೇ?

ಅವರೇ. ಆದರೆ ‘ನಡೆಸಿದರು’ ಎಂಬ ಮಾತನ್ನು ಸ್ವಲ್ಪ ತಿದ್ದಬೇಕು. ಪೂರ್ವ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಅಲ್ಪ ಕೂಲಿ, ಮಾತಿಗೊಂದು ದಂಡ, ಬಿಳಿ ರಂಜಕದಿಂದ ದವಡೆಯ ಮೂಳೆ ಕೊಳೆಯುವ ರೋಗ ಇವುಗಳ ಬಗ್ಗೆ ಬೆಸೆಂಟ್ 1888ರ ಜೂನಿನಲ್ಲಿ ಲೇಖನ ಬರೆದರು. ಅದರಲ್ಲಿರುವುದು ಸುಳ್ಳೆಂದು ಸಹಿ ಹಾಕಿಸಿಕೊಳ್ಳಲು ಆಡಳಿತದವರು ಒತ್ತಾಯಿಸಿದಾಗ ಹುಡುಗಿಯರು ನಿರಾಕರಿಸಿದರು. ಒಬ್ಬಳನ್ನು ಕೆಲಸದಿಂದ ತೆಗೆದದ್ದೇ ನೆಪವಾಗಿ ಸುಮಾರು 1,400 ಮಂದಿ ಹೊರನಡೆದರು. ಹೊರಬರುವ ನಿರ್ಧಾರ ಅವರದೇ. ಬೆಸೆಂಟ್ ಆಮೇಲೆ ಹಣ ಕೂಡಿಸಿದರು, ಪ್ರಚಾರ ಮಾಡಿದರು, ಹೊಸ ಸಂಘದ ಕಾರ್ಯದರ್ಶಿಯಾದರು. ದಂಡಗಳು ರದ್ದಾದವು. ಬಿಳಿ ರಂಜಕದ ಬಳಕೆಗೆ ನಿಷೇಧ ಬರಲು 1908ರ ಕಾಯ್ದೆಯವರೆಗೆ ಕಾಯಬೇಕಾಯಿತು. ಮದರಾಸಿನಲ್ಲಿ 1918ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದ ಬಿ. ಪಿ. ವಾಡಿಯಾ ಅವರು ಬೆಸೆಂಟರ ಥಿಯೊಸಾಫಿಕಲ್ ಬಳಗದವರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಕೌಶಲವೂ ಇಲ್ಲ, ಕಾಯಂ ಕೆಲಸವೂ ಇಲ್ಲ. ಹಡಗುಕಟ್ಟೆಯ ಹಮಾಲರು ಮುಷ್ಕರ ಗೆದ್ದದ್ದು ಹೇಗೆ?

ಲಂಡನ್ನಿನ ಹಡಗುಕಟ್ಟೆಯ ಬಾಗಿಲಲ್ಲಿ ಪ್ರತಿ ಬೆಳಗ್ಗೆ ನೂರಾರು ಗಂಡಸರು ನೂಕುನುಗ್ಗಲಲ್ಲಿ ನಿಲ್ಲುತ್ತಿದ್ದರು. ಮೇಸ್ತ್ರಿ ಕೈ ತೋರಿಸಿದವನಿಗೆ ಕೆಲಸ, ಅದೂ ಕೆಲವೇ ಗಂಟೆಗಳದ್ದು. ಉಳಿದವರು ಬರಿಗೈಯಲ್ಲಿ ಮನೆಗೆ. ಹೊಟ್ಟೆಗಿಲ್ಲದ ಇಷ್ಟು ಜನ ಹೊರಗೆ ಕಾಯುತ್ತಿರುವಾಗ ಮುಷ್ಕರ ಹೂಡಿದವನ ಜಾಗ ತುಂಬಲು ಎಷ್ಟು ಹೊತ್ತು? 1889ರ ವಸಂತದಲ್ಲಿ ವಿಲ್ ಥಾರ್ನ್ ಮುಂದಾಳುತನದಲ್ಲಿ ಗ್ಯಾಸ್ ಕಾರ್ಖಾನೆಯವರು 12 ಗಂಟೆಗಳ ಪಾಳಿಯನ್ನು 8ಕ್ಕೆ ಇಳಿಸಿಕೊಂಡದ್ದು ಇವರಿಗೆ ಧೈರ್ಯ ಕೊಟ್ಟಿತು. ಅದೇ ಆಗಸ್ಟಿನಲ್ಲಿ ಬೆನ್ ಟಿಲೆಟ್, ಟಾಮ್ ಮ್ಯಾನ್, ಜಾನ್ ಬರ್ನ್ಸ್ ಎಂಬ ಕಾರ್ಮಿಕ ಮುಂದಾಳುಗಳೊಡನೆ ಹಮಾಲರು ಗಂಟೆಗೆ 6 ಪೆನ್ಸ್ ಕೇಳಿ ನಿಂತರು. ಅದುವರೆಗಿನ ದರ 5 ಪೆನ್ಸ್.

ಗೆಲುವಿನ ಕಾರಣಗಳಲ್ಲಿ ಮೊದಲು ಹೇಳಬೇಕಾದದ್ದು ಹಡಗಿನೊಳಗೆ ಸರಕು ಜೋಡಿಸುವ ನುರಿತ ಸ್ಟೀವಡೋರ್‌ಗಳು ಜೊತೆಯಾದದ್ದು; ಅವರ ಜಾಗವನ್ನು ಬೀದಿಯಿಂದ ಕರೆತಂದವರಿಂದ ತುಂಬಲು ಸಾಧ್ಯವಿರಲಿಲ್ಲ. ಎರಡನೆಯದು ಶಿಸ್ತಿನ ಮೆರವಣಿಗೆಗಳು ಗಳಿಸಿದ ನಗರದ ಸಹಾನುಭೂತಿ. ಮೂರನೆಯದು ಆಸ್ಟ್ರೇಲಿಯಾದಿಂದ ಬಂದ ಸುಮಾರು 30,000 ಪೌಂಡ್. ಐದು ವಾರಗಳ ಬಳಿಕ, ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಮ್ಯಾನಿಂಗ್ ಮಧ್ಯಸ್ಥಿಕೆಯಲ್ಲಿ, 6 ಪೆನ್ಸ್ ಸಿಕ್ಕಿತು. ಬಾಗಿಲ ಬಳಿ ಕಾಯುವ ಪದ್ಧತಿ ಮಾತ್ರ ಉಳಿದೇ ಉಳಿಯಿತು. ಹಡಗುಕಟ್ಟೆಯ ಕೂಲಿಗಳನ್ನು ನೋಂದಾಯಿಸಿ, ಕೆಲಸವಿಲ್ಲದ ದಿನಕ್ಕೂ ಭತ್ಯೆ ಕೊಡುವ ರಾಷ್ಟ್ರೀಯ ಯೋಜನೆ ಬಂದದ್ದು 1947ರಲ್ಲಿ. ಅದನ್ನು ರದ್ದುಮಾಡಿದ್ದು 1989ರಲ್ಲಿ, ಆ ಮುಷ್ಕರಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ.

ಮುದ್ರಣಾಲಯದ ಸಂಘವನ್ನು ‘ಚಾಪೆಲ್’ ಎನ್ನುವುದೇಕೆ?

ಮುದ್ರಣಾಲಯದ ಕೆಲಸಗಾರರ ಕೂಟಕ್ಕೆ ಯೂನಿಯನ್‌ಗಳು ಹುಟ್ಟುವ ಮೊದಲೇ ಇದ್ದ ಹೆಸರು ಅದು; ಅದರ ಮುಖಂಡನಿಗೆ ‘ಚಾಪೆಲ್‌ನ ತಂದೆ’ ಎನ್ನುತ್ತಿದ್ದರು. ಯಾರಿಗೆ ಕೆಲಸ ಎಂಬುದನ್ನೂ ತಾವೇ ತೀರ್ಮಾನಿಸುವಷ್ಟು ಬಲ ಲಂಡನ್ನಿನ ಪತ್ರಿಕಾ ಮುದ್ರಣಾಲಯಗಳಲ್ಲಿ ಅವರಿಗಿತ್ತು. ಅಚ್ಚುಮೊಳೆಯ ಜಾಗಕ್ಕೆ ಕಂಪ್ಯೂಟರ್ ಬಂದಾಗ ಆ ಬಲದ ಬೇರೇ ಕಿತ್ತುಹೋಯಿತು. 1986ರಲ್ಲಿ ವಾಪಿಂಗ್‌ನ ಹೊಸ ಮುದ್ರಣಾಲಯಕ್ಕೆ ಪತ್ರಿಕೆಗಳು ಸ್ಥಳಾಂತರಗೊಂಡಾಗ ಸುಮಾರು 5,500 ಮಂದಿ ಕೆಲಸ ಕಳೆದುಕೊಂಡರು. ಒಂದು ವರ್ಷದ ಹೋರಾಟ ಸೋತಿತು.

ಕಾನೂನು ಮತ್ತು ರಾಜಕೀಯ

ಟ್ಯಾಫ್ ವೇಲ್ ಪ್ರಕರಣಕ್ಕೂ ನಮ್ಮ 1926ರ ಟ್ರೇಡ್ ಯೂನಿಯನ್ ಕಾಯ್ದೆಗೂ ಸಂಬಂಧವಿದೆಯೇ?

ಇದೆ. ದಕ್ಷಿಣ ವೇಲ್ಸಿನ ಟ್ಯಾಫ್ ವೇಲ್ ರೈಲ್ವೆಯಲ್ಲಿ 1900ರಲ್ಲಿ ಮುಷ್ಕರವಾದಾಗ ಕಂಪನಿ ತನ್ನ ನಷ್ಟಕ್ಕೆ ಸಂಘದ ಮೇಲೆಯೇ ದಾವೆ ಹೂಡಿತು. 1901ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕಂಪನಿಯ ಪರ ತೀರ್ಪಿತ್ತು, ರೈಲ್ವೆ ನೌಕರರ ಸಂಘ 23,000 ಪೌಂಡ್ ಪರಿಹಾರ ತೆರಬೇಕಾಯಿತು. ಮುಷ್ಕರ ಹೂಡಿದರೆ ವಿಧವೆಯರಿಗೆಂದು ಕೂಡಿಟ್ಟ ಹಣವೂ ಹೋಗಬಹುದು ಎಂದಾದಾಗ, ಕಾರ್ಮಿಕರ ಪ್ರತಿನಿಧಿಗಳನ್ನು ಸಂಸತ್ತಿಗೆ ಕಳಿಸಲು 1900ರಲ್ಲಷ್ಟೇ ಹುಟ್ಟಿದ್ದ ಲೇಬರ್ ಪ್ರಾತಿನಿಧ್ಯ ಸಮಿತಿಯತ್ತ ಸಂಘಗಳು ಧಾವಿಸಿದವು. 1906ರ ಚುನಾವಣೆಯಲ್ಲಿ 29 ಮಂದಿ ಗೆದ್ದು ಅದು ಲೇಬರ್ ಪಕ್ಷವಾಯಿತು, ಅದೇ ವರ್ಷದ ಕಾಯ್ದೆ ಸಂಘಗಳಿಗೆ ಇಂಥ ದಾವೆಗಳಿಂದ ರಕ್ಷಣೆ ಕೊಟ್ಟಿತು.

ಮದರಾಸಿನಲ್ಲಿ ನಡೆದದ್ದು ಇದರ ಮರುಕಳಿಕೆ. ಬೆಂಗಳೂರಿನವರಿಗೂ ಪರಿಚಿತವಾದ ಬಿನ್ನಿ ಕಂಪನಿಯ ಆಡಳಿತದ ಬಕಿಂಗ್‌ಹ್ಯಾಮ್ ಗಿರಣಿಯ ವಿವಾದದಲ್ಲಿ ವಾಡಿಯಾ ಮತ್ತಿತರರ ವಿರುದ್ಧ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಕೇಂದ್ರ ಶಾಸನಸಭೆಯಲ್ಲಿ ಎನ್. ಎಂ. ಜೋಶಿ ಅವರು 1921ರಲ್ಲಿ ಸಂಘಗಳ ರಕ್ಷಣೆಗೆ ಕಾನೂನು ಬೇಕೆಂದು ನಿರ್ಣಯ ತಂದರು. ಹಾಗೆ ರೂಪುಗೊಂಡ 1926ರ ಕಾಯ್ದೆಯ 17ನೆಯ ಮತ್ತು 18ನೆಯ ಕಲಂಗಳು ಪಿತೂರಿಯ ಆರೋಪದಿಂದಲೂ ಸಿವಿಲ್ ದಾವೆಯಿಂದಲೂ ಕೊಟ್ಟ ರಕ್ಷಣೆಯಲ್ಲಿ 1875 ಮತ್ತು 1906ರ ಬ್ರಿಟಿಷ್ ಕಾಯ್ದೆಗಳ ನೆರಳು ಸ್ಪಷ್ಟ. ಪ್ರತ್ಯೇಕ ರಾಜಕೀಯ ನಿಧಿಯ 16ನೆಯ ಕಲಂ 1913ರ ಬ್ರಿಟಿಷ್ ಕಾಯ್ದೆಯನ್ನು ನೆನಪಿಸುತ್ತದೆ. ಆದರೆ ನಕಲು ಎನ್ನಲಾಗದು. ನಮ್ಮಲ್ಲಿ ಈ ರಕ್ಷಣೆ ನೋಂದಾಯಿತ ಸಂಘಕ್ಕಷ್ಟೇ ದೊರೆಯಿತು, ಮತ್ತು ಪದಾಧಿಕಾರಿಗಳಲ್ಲಿ ಅರ್ಧದಷ್ಟು ಹೊರಗಿನವರಿರಲು ಅವಕಾಶವಾಯಿತು. ವಕೀಲರು ಕಾರ್ಮಿಕ ನಾಯಕರಾಗುವ ನಮ್ಮ ರೂಢಿಗೆ ಈ ಅವಕಾಶವೂ ಇಂಬುಕೊಟ್ಟಿತು.

1926ರ ಸಾರ್ವತ್ರಿಕ ಮುಷ್ಕರ ಒಂಬತ್ತೇ ದಿನಕ್ಕೆ ಮುಗಿದದ್ದು ಏಕೆ?

ಅದನ್ನು ಕರೆದವರಿಗೇ ಅದರ ಬಗ್ಗೆ ಭಯವಿತ್ತು ಎಂಬುದು ನನ್ನ ಉತ್ತರ. ಕೂಲಿ ಕಡಿತ ಮತ್ತು ಹೆಚ್ಚಿನ ದುಡಿಮೆಯ ಗಂಟೆಗಳನ್ನು ಒಪ್ಪದ ಸುಮಾರು 10 ಲಕ್ಷ ಗಣಿ ಕಾರ್ಮಿಕರಿಗೆ ಮಾಲೀಕರು ಬಾಗಿಲು ಮುಚ್ಚಿದಾಗ, ಮೇ 3ರ ನಡುರಾತ್ರಿಯಿಂದ ರೈಲ್ವೆ, ಸಾರಿಗೆ, ಮುದ್ರಣ, ಉಕ್ಕು ಮುಂತಾದ ಉದ್ಯಮಗಳ 15 ಲಕ್ಷಕ್ಕೂ ಮಿಕ್ಕ ಜನ ಅವರ ಬೆಂಬಲಕ್ಕೆ ಕೆಲಸ ನಿಲ್ಲಿಸಿದರು. ಸರ್ಕಾರ ತಿಂಗಳುಗಳಿಂದ ಸ್ವಯಂಸೇವಕರನ್ನೂ ಲಾರಿಗಳನ್ನೂ ಸಿದ್ಧಮಾಡಿಕೊಂಡಿತ್ತು. ಟಿಯುಸಿ ಮಾಡಿಕೊಂಡ ತಯಾರಿ ಅತ್ಯಲ್ಪ. ಇದು ಕೂಲಿಯ ವಿವಾದವಲ್ಲ, ಸಂವಿಧಾನದ ಮೇಲಿನ ದಾಳಿ ಎಂದು ಸರ್ಕಾರ ಹೇಳತೊಡಗಿದಾಗ ಟಿಯುಸಿಯ ಹಿರಿಯರು ಹಿಂಜರಿದರು. ಮುಷ್ಕರ ಗಟ್ಟಿಯಾಗಿಯೇ ಇದ್ದ ಮೇ 12ರಂದು, ಗಣಿಯವರಿಗೆ ಯಾವ ಭರವಸೆಯನ್ನೂ ಪಡೆಯದೆ ಅದನ್ನು ಹಿಂತೆಗೆದುಕೊಂಡರು. ಗಣಿಯವರು ನವೆಂಬರ್ ತನಕ ಒಂಟಿಯಾಗಿ ನಿಂತು, ಹಸಿವಿನಿಂದ ಸೋತು ಮರಳಿದರು. ಮರುವರ್ಷದ ಕಾಯ್ದೆ ಸಹಾನುಭೂತಿ ಮುಷ್ಕರಗಳನ್ನು ನಿಷೇಧಿಸಿತು. ಅದು ರದ್ದಾದದ್ದು 1946ರಲ್ಲಿ. ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನ ಬ್ಯಾಟರ್ಸಿಯಿಂದ ಸಂಸದರಾಗಿದ್ದ ಶಾಪುರ್ಜಿ ಸಕ್ಲಾತ್‌ವಾಲಾ ಈ ಸಂದರ್ಭದಲ್ಲಿ ಮಾಡಿದ ಮೇ ದಿನದ ಭಾಷಣಕ್ಕಾಗಿ ಎರಡು ತಿಂಗಳು ಜೈಲಿನಲ್ಲಿದ್ದರು.

ಇನ್ನೂ ಆಳದ ಪ್ರಶ್ನೆಗಳು

ಬಿಳಿಯರ ಸಂಘಗಳು ಭಾರತೀಯ ಕಾರ್ಮಿಕರನ್ನು ತಮ್ಮವರೆಂದು ನೋಡಿದವೇ?

ಬಹಳ ಕಾಲ ನೋಡಲಿಲ್ಲ, ಇದನ್ನು ಮುಚ್ಚಿಡಬಾರದು. ಬ್ರಿಸ್ಟಲ್ಲಿನ ಬಸ್ಸುಗಳಲ್ಲಿ ಕರಿಯರಿಗೂ ಏಷ್ಯಾದವರಿಗೂ ಚಾಲಕ, ನಿರ್ವಾಹಕರ ಕೆಲಸ ಕೊಡಬಾರದು ಎಂಬ ನಿಲುವನ್ನು ಸಾರಿಗೆ ಸಂಘದ ಸ್ಥಳೀಯ ಶಾಖೆಯೇ ತಳೆದಿತ್ತು. 1963ರಲ್ಲಿ ನಾಲ್ಕು ತಿಂಗಳ ಬಸ್ ಬಹಿಷ್ಕಾರದ ಬಳಿಕ ಆ ತಡೆ ಬಿದ್ದು, ಅಲ್ಲಿ ಮೊದಲು ನಿರ್ವಾಹಕರಾದವರು ರಘುಬೀರ್ ಸಿಂಗ್. ಆ ಸಂಘದ ಉತ್ತರಾಧಿಕಾರಿಯಾದ ಯುನೈಟ್ 2013ರಲ್ಲಿ ಕ್ಷಮೆ ಕೇಳಿತು. ಲೆಸ್ಟರಿನ ಟೈಪ್‌ರೈಟರ್ ಕಾರ್ಖಾನೆಯಲ್ಲಿ 1974ರಲ್ಲಿ ಏಷ್ಯಾ ಮೂಲದವರು ಮುಷ್ಕರ ಹೂಡಿದಾಗಲೂ ಸ್ಥಳೀಯ ಸಂಘ ಬೆಂಬಲಿಸಲಿಲ್ಲ.

1976ರಲ್ಲಿ ಚಿತ್ರ ಬದಲಾಗತೊಡಗಿತು. ವಾಯವ್ಯ ಲಂಡನ್ನಿನ ಗ್ರನ್ವಿಕ್ ಫೋಟೊ ಸಂಸ್ಕರಣಾ ಘಟಕದಿಂದ ಗುಜರಾತಿ ಮೂಲದ ಜಯಾಬೆನ್ ದೇಸಾಯಿ ಹೊರನಡೆದು, ಸಂಘ ಸೇರುವ ಹಕ್ಕಿಗಾಗಿ ಸುಮಾರು ಎರಡು ವರ್ಷ ಗೇಟಿನೆದುರು ನಿಂತರು. ಅಂಚೆ ನೌಕರರು ಕಂಪನಿಯ ಅಂಚೆ ಮುಟ್ಟಲಿಲ್ಲ, ಯಾರ್ಕ್‌ಶೈರಿನ ಗಣಿ ಕಾರ್ಮಿಕರು ಬಸ್ಸು ಹತ್ತಿ ಬಂದರು, 1977ರ ಬೇಸಿಗೆಯಲ್ಲಿ ಸಾವಿರಾರು ಜನ ಸೇರಿದರು. ಸೀರೆಯುಟ್ಟ ಹೆಂಗಸಿನ ಹಿಂದೆ ಗಣಿಯವರು ಸಾಲುಗಟ್ಟಿದ್ದನ್ನು ಬ್ರಿಟನ್ ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೂ ಹೋರಾಟ ಸೋತಿತು. ಬೆಂಬಲ ಹಿಂದೆ ಸರಿದಾಗ ದೇಸಾಯಿ ಟಿಯುಸಿ ಕಚೇರಿಯ ಎದುರೇ ಉಪವಾಸ ಕುಳಿತರು, ಅದಕ್ಕಾಗಿ ಅವರ ಸ್ವಂತ ಸಂಘವೇ ಅವರನ್ನು ಅಮಾನತುಗೊಳಿಸಿತು. ಈ ಎರಡು ಮುಖಗಳನ್ನೂ ಒಟ್ಟಿಗೆ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

1972ರಲ್ಲಿ ಗೆದ್ದ ಗಣಿಯವರು 1984ರಲ್ಲಿ ಸೋತದ್ದು ಆಗಿನ ಪ್ರಧಾನಿ ಥ್ಯಾಚರ್ ಒಬ್ಬರಿಂದಲೇ?

ಒಬ್ಬರಿಂದಲ್ಲ. 1972ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಸಾಲ್ಟ್ಲಿಯಲ್ಲಿದ್ದ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಡಿಪೋದ ಬಾಗಿಲು ಮುಚ್ಚಿಸಿದ್ದು ಗಣಿಯವರ ಜೊತೆಗೆ ಆ ನಗರದ ಕಾರ್ಖಾನೆಗಳಿಂದ ಮೆರವಣಿಗೆಯಲ್ಲಿ ಬಂದ ಸಾವಿರಾರು ಎಂಜಿನಿಯರಿಂಗ್ ಕಾರ್ಮಿಕರು. ಆಗ ಚಳಿಗಾಲ, ದಾಸ್ತಾನು ಕಡಿಮೆ. 1984ರ ಮಾರ್ಚಿನಲ್ಲಿ ಯಾರ್ಕ್‌ಶೈರಿನ ಕಾರ್ಟನ್‌ವುಡ್ ಗಣಿ ಮುಚ್ಚುವ ಸುದ್ದಿಯಿಂದ ಮುಷ್ಕರ ಶುರುವಾದಾಗ ಬೇಸಿಗೆ ಮುಂದಿತ್ತು, ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ರಾಶಿ ಬಿದ್ದಿತ್ತು, ಪೊಲೀಸರು ದೇಶಮಟ್ಟದಲ್ಲಿ ಸಜ್ಜಾಗಿದ್ದರು. ಆರ್ಥರ್ ಸ್ಕಾರ್ಗಿಲ್ ಮುಂದಾಳುತನದ ಸಂಘ ರಾಷ್ಟ್ರಮಟ್ಟದ ಮತದಾನ ನಡೆಸಲಿಲ್ಲ. ನಾಟಿಂಗ್‌ಹ್ಯಾಮ್‌ಶೈರಿನ ಬಹುಪಾಲು ಗಣಿಯವರು ಅದನ್ನೇ ಕಾರಣವಾಗಿಟ್ಟು ಕೆಲಸ ಮುಂದುವರಿಸಿದರು. ಗಣಿಗಳು ಮುಚ್ಚುತ್ತವೆ ಎಂಬ ಸ್ಕಾರ್ಗಿಲ್ ಮಾತು ನಿಜವಾಯಿತು, ಆದರೆ ಮತದಾನ ಬಿಟ್ಟದ್ದು ದೊಡ್ಡ ತಪ್ಪು ಎಂದೇ ನಾನು ಭಾವಿಸುತ್ತೇನೆ. 1985ರ ಮಾರ್ಚಿನಲ್ಲಿ ಅವರು ಬ್ಯಾಂಡ್ ಬಾರಿಸುತ್ತ, ಬ್ಯಾನರ್ ಹಿಡಿದು ಒಪ್ಪಂದವಿಲ್ಲದೆ ಗಣಿಗೆ ಮರಳಿದರು. ಕೊನೆಯ ಆಳದ ಕಲ್ಲಿದ್ದಲ ಗಣಿ ಕೆಲಿಂಗ್ಲಿ ಮುಚ್ಚಿದ್ದು 2015ರ ಡಿಸೆಂಬರಿನಲ್ಲಿ.

ಈಗ ಅಲ್ಲಿ ಸಂಘಗಳಲ್ಲಿ ಉಳಿದಿರುವವರು ಯಾರು? ಕೆಲಸದ ವೀಸಾದ ಮೇಲೆ ಹೋಗಿರುವ ನಮ್ಮವರು ಸೇರಬಹುದೇ?

1979ರಲ್ಲಿ ಸುಮಾರು 1.3 ಕೋಟಿ ಇದ್ದ ಸದಸ್ಯತ್ವ ಈಗ ಅದರ ಅರ್ಧದಷ್ಟಿದೆ. ಸದಸ್ಯರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು. ಶಿಕ್ಷಕರು, ಆಸ್ಪತ್ರೆ ಮತ್ತು ಸ್ಥಳೀಯ ಆಡಳಿತದ ನೌಕರರೇ ಇಂದಿನ ಬಲ. ದಶಕಗಳ ಕಾಲ ಮುಷ್ಕರವನ್ನೇ ಒಲ್ಲದಿದ್ದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಎಂಬ ಸಂಘದ ದಾದಿಯರು 2022ರ ಡಿಸೆಂಬರಿನಲ್ಲಿ ಬೀದಿಗಿಳಿದರು. ವೀಸಾದ ಮೇಲೆ ದುಡಿಯುವವರೂ ಧಾರಾಳವಾಗಿ ಸದಸ್ಯರಾಗಬಹುದು, ಸದಸ್ಯತ್ವದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಶಿಸ್ತುಕ್ರಮದ ಅಥವಾ ದೂರಿನ ವಿಚಾರಣೆಗೆ ಕರೆದಾಗ ಸಂಘದ ಪ್ರತಿನಿಧಿಯನ್ನು ಜೊತೆಗೆ ಕರೆದೊಯ್ಯುವ ಹಕ್ಕನ್ನು 1999ರ ಕಾಯ್ದೆ ಕೊಟ್ಟಿದೆ. ಬಹಳಷ್ಟು ಸಂಘಗಳು ಸದಸ್ಯತ್ವಕ್ಕೆ ಮೊದಲೇ ಆರಂಭವಾದ ತಕರಾರುಗಳನ್ನು ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ, ಕೆಲಸಕ್ಕೆ ಸೇರಿದ ಮೊದಲ ವಾರಗಳಲ್ಲೇ ಅರ್ಜಿ ಹಾಕುವುದು ಒಳ್ಳೆಯದು.